ಕಡಲಿಗೆ ಕಿಟಕಿಯಿಲ್ಲದ ಮನೆ

ಗುಡ್ಡದ ಮನೆ,
ಶನಿವಾರ, ೭ನೇ ನವೆಂಬರ್ ೧೯೯೮

ಪ್ರೀತಿಯ ಮೊಮ್ಮಗಳೇ, ನಮ್ಮ ಮನೆಯ ಯಾಕಮ್ಮಾ,

ಅಜ್ಜನ ಮನಸ್ಸು ತುಂಬಿದ ಆಶೀರ್ವಾದಗಳು. ಹೇಗಿದ್ದೀಯ, ಮಗಳೇ? ಹಡಗು ಹತ್ತಿದ ಮೊದಲ ವಾರಗಳಲ್ಲಿ ನಿನ್ನನ್ನು ಕಾಡಿದ ತಲೆಸುತ್ತು ಈಗ ಪೂರ್ತಿ ನಿಂತಿದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಅಥವಾ ಇಲ್ಲಿದ್ದಾಗಿನಂತೆ ಎದುರಿಗೆ ಪುಸ್ತಕ ತೆರೆದಿಟ್ಟುಕೊಂಡು ತಟ್ಟೆಯನ್ನು ಆರಲು ಬಿಡುತ್ತೀಯೋ? ಕಡಲಿನ ಆಳ ಅಳೆಯುವ ಯಂತ್ರದ ಮುಂದೆ ಬಹಳ ಹೊತ್ತು ಕುಳಿತರೆ ಕಣ್ಣು ಉರಿಯುತ್ತದೆ ಎಂದು ಬರೆದಿದ್ದೆ. ನಡುನಡುವೆ ಎದ್ದು ಹೊರಗೆ ಬಂದು ದೂರ ನೋಡು. ದೂರ ನೋಡುವುದೇ ಕಣ್ಣಿಗೆ ವಿಶ್ರಾಂತಿ ಎಂದು ನಾನು ಶಾಲೆಯಲ್ಲಿ ತಲೆಮಾರುಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ದೂರವೆಂಬುದು ನಮ್ಮ ಮನೆಯೊಳಗೆ ಎಂದೂ ಇರಲಿಲ್ಲವಾದ್ದರಿಂದ ನಾನೇ ಆ ಪಾಠವನ್ನು ಪಾಲಿಸಿದವನಲ್ಲ ಎಂಬುದು ಬೇರೆ ಮಾತು. ನಿನ್ನ ಅಜ್ಜಿ ಹೆಗಲ ಮೇಲಿಂದ ಬಗ್ಗಿ ನೋಡುತ್ತಾ, ತಣ್ಣೀರಿನಲ್ಲಿ ತಲೆ ತೊಳೆಯಬೇಡ ಎಂದು ದೊಡ್ಡಕ್ಷರದಲ್ಲಿ ಬರೆಯಲು ಹೇಳುತ್ತಿದ್ದಾಳೆ. ಬರೆದಿದ್ದೇನೆ ಎಂದು ತಿಳಿ.

ನಿನ್ನ ಅಪ್ಪನ ವಿಷಯದಲ್ಲಿ ಗಾಬರಿಪಡುವ ಕಾರಣವಿಲ್ಲ. ಸುಣ್ಣ ಬಳಿಯಲು ಕಟ್ಟಿದ ಸಾರುವೆಯಿಂದ ಬಿದ್ದಾಗ ಸೊಂಟದ ಮೂಳೆ ಮುರಿದದ್ದು ನಿಜವಾದರೂ ಅದು ಕೂಡಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ನಡುಮನೆಯಲ್ಲಿ, ನಿನ್ನ ಅಮ್ಮನ ಹೊಲಿಗೆ ಯಂತ್ರದ ಪಕ್ಕದಲ್ಲೇ ಮಂಚ ಹಾಕಿದ್ದೇವೆ. ಮಲಗಿದಲ್ಲಿಂದಲೇ ಯಂತ್ರದ ಸದ್ದು ಕೇಳಿ, ಪಟ್ಟಿ ಸಡಿಲವಾಗಿದೆ, ಎಣ್ಣೆ ಸಾಲದು ಎಂದು ರೋಗ ಪತ್ತೆಮಾಡುತ್ತಾನೆ. ನಿನ್ನ ಅಮ್ಮ ಸಮವಸ್ತ್ರಗಳ ರಾಶಿಯ ನಡುವಿನಿಂದ ತಲೆ ಎತ್ತದೆಯೇ, ಮೊದಲು ನಿಮ್ಮ ಮೂಳೆಗೆ ಎಣ್ಣೆ ಹಾಕ್ಕೊಳ್ಳಿ ಎನ್ನುತ್ತಾಳೆ. ಕೋಲು ಹಿಡಿದು ಅವನು ನಡೆದಾನು. ಆದರೆ ಏಣಿ ಹತ್ತುವುದು ಇನ್ನು ಈ ಜನ್ಮಕ್ಕೆ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಅರ್ಧ ಸುಣ್ಣ ಕಂಡ ಗೋಡೆ ಅರ್ಧದಲ್ಲೇ ನಿಂತಿದೆ.

ಈ ಸುದ್ದಿ ತಿಳಿದ ಕೂಡಲೇ ನೀನು ಬರೆದ ಪತ್ರ ಮೊನ್ನೆ ಕೈಸೇರಿತು. ನಿನ್ನ ಹಡಗು ಈ ತಿಂಗಳ ಕೊನೆಗೆ ದಡಕ್ಕೆ ಬಂದಾಗ ರಾಜೀನಾಮೆ ಕೊಟ್ಟು ಮನೆಗೆ ಬರುವುದಾಗಿಯೂ, ಅಪ್ಪನ ಬದಲು ಗೋಡೆಯ ಕೆಲಸವನ್ನು ನಿನ್ನ ಹೆಸರಿಗೆ ಮಾಡಿಸಿಕೊಳ್ಳುವುದಾಗಿಯೂ ತಿಳಿಸಿದ್ದೀಯ. ‘ಮನೆ ಉಳಿಯಬೇಕಲ್ಲ ಅಜ್ಜ’ ಎಂಬ ನಿನ್ನ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ತರಬೇತಿಯನ್ನು ನಡುವೆ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬ ನಿಯಮವನ್ನು ಹಿಂದೊಮ್ಮೆ ನೀನೇ ಹೇಳಿದ್ದೆ. ಈ ಪತ್ರದಲ್ಲಿ ಮಾತ್ರ ಅದರ ಸೊಲ್ಲೆತ್ತಿಲ್ಲ. ಅದನ್ನು ಅಜ್ಜ ಮರೆತಿರಬಹುದು ಎಂದುಕೊಂಡೆಯಾ? ನಿನ್ನ ಪತ್ರಕ್ಕೆ ಉತ್ತರ ಕೊಡುವ ಮೊದಲು ಈ ಮನೆಯ ಕಥೆಯನ್ನು ಒಮ್ಮೆ ಕ್ರಮವಾಗಿ ಹೇಳಬೇಕೆನಿಸಿದೆ. ಮಗುವಾಗಿದ್ದಾಗ ಮಾತುಮಾತಿಗೆ ‘ಯಾಕೆ’ ಎಂದು ಕೇಳಿ ಈ ಅಡ್ಡಹೆಸರು ಸಂಪಾದಿಸಿದ ನೀನು, ಈ ಗೋಡೆಯ ವಿಷಯದಲ್ಲಿ ಮಾತ್ರ ಯಾಕೆ ಎಂದು ಕೇಳಿದವಳಲ್ಲ. ನಾವ್ಯಾರೂ ಕೇಳಿದವರಲ್ಲ.

ಈ ಶತಮಾನ ಹುಟ್ಟಿದ ಹೊಸತರಲ್ಲಿ ನನ್ನ ಅಪ್ಪ, ಅಂದರೆ ನಿನ್ನ ಮುತ್ತಜ್ಜ, ಹಡಗು ನಿಲ್ಲುವ ಧಕ್ಕೆ ಕಟ್ಟುವ ಗಾರೆಕೆಲಸಕ್ಕೆಂದು ಇಲ್ಲಿಗೆ ಬಂದರು. ಆಗ ಇದು ಊರೆಂದು ಕರೆಸಿಕೊಳ್ಳುವಂಥದ್ದಲ್ಲ. ಕಡಲಂಚಿನಲ್ಲಿ ಒಂದು ಸಾಲು ಹೆಂಚಿನ ಉಗ್ರಾಣಗಳು, ಒಂದು ಸುಂಕದ ಕಟ್ಟೆ, ಕಾಲು ಹೂತುಹೋಗುವ ಮರಳಿನ ಬೀದಿ. ಅದರ ಹಿಂದೆ ಈ ಬೋಳುಗುಡ್ಡ. ಬಂದರಿನ ಬಾಯಿಯಲ್ಲಿ ನೀರೊಳಗೆ ಬಂಡೆಗಳಿದ್ದವು. ಅವುಗಳ ನಡುವೆ ಆಳವಾದ ದಾರಿ ಒಂದೇ ಒಂದು. ಹಡಗಿನವರಿಗೆ ಆ ದಾರಿ ತಿಳಿಯಲೆಂದು ಎರಡು ಬಿಳಿ ಗುರುತುಗಳನ್ನು ಕಟ್ಟಿದರು: ಕೆಳಗೆ ಧಕ್ಕೆಯ ತುದಿಯಲ್ಲಿ ಒಂದು ಕಂಬ, ಮೇಲೆ ಗುಡ್ಡದ ಮೇಲೆ ಒಂದು ಗೋಡೆ. ಕಂಬವು ಗೋಡೆಯ ನಟ್ಟನಡುವೆ ನಿಂತಂತೆ ಕಂಡರೆ ಹಡಗು ಸರಿದಾರಿಯಲ್ಲಿದೆ. ಕಂಬ ಪಕ್ಕಕ್ಕೆ ಸರಿದರೆ ಬಂಡೆ ಕಾದಿದೆ ಎಂದರ್ಥ. ಇದನ್ನೆಲ್ಲ ಕಡಲಿನಲ್ಲಿರುವ ನಿನಗೆ ನಾನು ಹೇಳುವುದು ಮೀನಿಗೆ ಈಜು ಕಲಿಸಿದಂತಾದೀತು. ಗೋಡೆಯನ್ನು ಕಟ್ಟಿದವರು ನಿನ್ನ ಮುತ್ತಜ್ಜ. ಬರೀ ಗೋಡೆಯೊಂದನ್ನು ಗಾಳಿಗೆ ನಿಲ್ಲಿಸಿದರೆ ಬಿದ್ದೀತೆಂದು ಅದರ ಬೆನ್ನಿಗೆ ಮೂರು ಕೋಣೆಗಳನ್ನು ಆನಿಸಿ ಕಟ್ಟಿದರು. ಕಟ್ಟಿದವನೇ ಅಲ್ಲಿ ವಾಸವಿದ್ದು ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಸುಣ್ಣ ಬಳಿದುಕೊಂಡಿರಲಿ ಎಂದು ಬಂದರು ಕಚೇರಿ ತೀರ್ಮಾನಿಸಿತು. ಹೀಗೆ ನಮ್ಮದು ಮನೆಯ ಗೋಡೆಯಲ್ಲ, ಗೋಡೆಯ ಮನೆ.

ಕರಾರು ಸರಳವಾಗಿತ್ತು. ಮನೆತನದಲ್ಲಿ ಸಾರುವೆ ಹತ್ತಬಲ್ಲವರು ಒಬ್ಬರು ಇರುವವರೆಗೆ ಮನೆ ನಮ್ಮದು. ಗೋಡೆಗೆ ಕಿಟಕಿ ಇಡಬಾರದು, ಕಿಂಡಿ ಕೊರೆಯಬಾರದು, ಮೊಳೆ ಹೊಡೆಯಬಾರದು, ಬಳ್ಳಿ ಹಬ್ಬಿಸಬಾರದು, ಬಟ್ಟೆ ಒಣಗಿಸಬಾರದು. ಗೋಡೆಯಲ್ಲಿ ತೂತು ಕಂಡ ದಿನ ಮನೆಯ ಋಣ ತೀರಿದಂತೆ. ಇದರ ಮೇಲೆ ನಿನ್ನ ಮುತ್ತಜ್ಜ ತಾವಾಗಿಯೇ ಒಂದು ಕಟ್ಟಳೆ ಸೇರಿಸಿದರು: ಗೋಡೆಯವರು ದೋಣಿ ಹತ್ತಬಾರದು. ಕಾಯುವವನೇ ನೀರುಪಾಲಾದರೆ ಗುರುತಿಗೆ ದಿಕ್ಕು ಯಾರು ಎಂಬುದು ಅವರ ಆತಂಕ. ನೀನು ಹಡಗು ಹತ್ತುವವರೆಗೆ ನಮ್ಮಲ್ಲಿ ಯಾರೂ ಅದನ್ನು ಮೀರಿರಲಿಲ್ಲ. ಆದ್ದರಿಂದ ನಮ್ಮ ಸ್ಥಿತಿಯನ್ನು ನೋಡು: ಕಡಲಿನವರಿಗೆ ದಾರಿ ತೋರುವ ಮನೆಯಲ್ಲಿ ಹುಟ್ಟಿ, ಆ ಗೋಡೆ ಕಡಲಿನಿಂದ ಹೇಗೆ ಕಾಣುತ್ತದೆಂದು ನಾವು ಒಬ್ಬರೂ ನೋಡಲಿಲ್ಲ. ಸುಣ್ಣ ಬಳಿಯುವಾಗ ನಮ್ಮ ಮುಖ ಗೋಡೆಗೆ, ಬೆನ್ನು ಕಡಲಿಗೆ. ಒಳಗೆ ಕುಳಿತರೆ ಅಲೆಯ ಸದ್ದು ಕೇಳುತ್ತಿತ್ತು, ಅಲೆ ಕಾಣುತ್ತಿರಲಿಲ್ಲ. ನನ್ನ ಅಮ್ಮ ಕಡಲು ನೋಡಬೇಕೆನಿಸಿದಾಗ ಪಕ್ಕದ ಮನೆಗೆ ಏನಾದರೂ ಕಡ ಕೇಳುವ ನೆಪ ಮಾಡಿಕೊಂಡು ಹೋಗುತ್ತಿದ್ದರು; ತಂದ ವಸ್ತುವನ್ನು ಹಿಂದಿರುಗಿಸುವ ನೆಪದಲ್ಲಿ ಇನ್ನೊಮ್ಮೆ. ನಿನ್ನ ಅಜ್ಜಿ ಮದುವೆಯಾಗಿ ಬಂದ ಮೊದಲ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಲ್ಕೂ ಗೋಡೆ ನೋಡಿ, ‘ಹೊಗೆಗೆ ಹೋಗೋಕೆ ದಾರಿ ಇಲ್ಲ, ಹಡಗಿಗೆ ಮಾತ್ರ ದಾರಿ ತೋರಿಸ್ತೀರಾ?’ ಎಂದು ಕೇಳಿದ್ದಳು. ಆ ಮಾತಿಗೆ ಉತ್ತರ ಹುಡುಕುವುದರಲ್ಲೇ ನನ್ನ ಸಂಸಾರ ಕಳೆದಿದೆ.

ನಾವು ಗೋಡೆಗೆ ಮುಖಮಾಡಿ ನಿಂತಿದ್ದಾಗ ನಮ್ಮ ಬೆನ್ನ ಹಿಂದೆ ಊರು ಬೆಳೆಯಿತು. ನಾನು ಚಿಕ್ಕವನಿದ್ದಾಗ ಮನೆಯ ಮುಂದಿನ ಕಲ್ಲುಮೆಟ್ಟಿಲು ಇಳಿದರೆ ಕೊನೆಯ ಮೆಟ್ಟಿಲಲ್ಲಿ ಕಾಲಿಗೆ ಉಪ್ಪುನೀರು ತಾಗುತ್ತಿತ್ತು. ಆಮೇಲೆ ಗುಡ್ಡದ ಹಿಂಬದಿಯನ್ನು ಕಡಿದು ಆ ಮಣ್ಣನ್ನು ಕಡಲಿಗೆ ಸುರಿದರು. ಹೊಸ ನೆಲದ ಮೇಲೆ ರೈಲು ಬಂತು, ಹತ್ತಿಯ ಮೂಟೆಗಳೂ ಮರದ ದಿಮ್ಮಿಗಳೂ ಬಂದವು, ಅವನ್ನು ಹೊರುವವರು ಬಂದರು, ಹೊರುವವರ ಮಕ್ಕಳಿಗೆಂದು ಶಾಲೆ ಬಂತು. ಆ ಶಾಲೆಯಲ್ಲೇ ಕಲಿತು ಅಲ್ಲಿಯೇ ಮೇಷ್ಟ್ರಾದವನು ನಾನು. ಯುದ್ಧದ ಕಾಲದಲ್ಲಿ, ಬಿಳಿ ಗೋಡೆ ಶತ್ರುವಿಗೂ ದಾರಿ ತೋರೀತೆಂದು ಡಾಂಬರು ಬಳಿಯುವಂತೆ ಆಜ್ಞೆಯಾಯಿತು. ಬಿಳಿ ಮಾಡಲು ಬದುಕಿದ್ದ ನಿನ್ನ ಮುತ್ತಜ್ಜ ತಮ್ಮ ಕೈಯಾರೆ ಅದನ್ನು ಕಪ್ಪು ಮಾಡಿದರು. ಬೇಸಿಗೆಯಲ್ಲಿ ಆ ಕಪ್ಪು ಗೋಡೆ ಕಾದು ಒಳಗೆ ನಾವು ಬೆಂದೆವು. ಯುದ್ಧ ಮುಗಿದ ಮೇಲೆ ಡಾಂಬರನ್ನು ಕೆರೆದು ಕೆರೆದು ಅವರ ಬೆರಳುಗಳು ಮಡಚಲಾರದಂತಾದವು. ಸುಣ್ಣದ ಕುಂಚ ನನ್ನ ಕೈಗೆ ಬಂದದ್ದು ಹಾಗೆ.

ಬಳಿಕ ಊರಿಗೆ ಬೆಳೆಯುವ ಹುಚ್ಚೇ ಹಿಡಿಯಿತು. ಉಗ್ರಾಣಗಳಿದ್ದಲ್ಲಿ ಬ್ಯಾಂಕುಗಳು ಎದ್ದವು; ಬಲೆ ಒಣಗಿಸುತ್ತಿದ್ದಲ್ಲಿ ಬಸ್ ನಿಲ್ದಾಣ ಬಂತು; ನನ್ನ ಕಾಲಿಗೆ ನೀರು ತಾಗುತ್ತಿದ್ದ ಮೆಟ್ಟಿಲು ಟಾಕೀಸಿನ ಟಿಕೆಟ್ ಕಿಂಡಿಯ ಮುಂದೆ ಕೊನೆಗೊಂಡಿತು. ಪ್ರತಿಯೊಂದು ತಲೆಮಾರಿನಲ್ಲೂ ಕಡಲನ್ನು ಇನ್ನಷ್ಟು ಆಚೆಗೆ ತಳ್ಳಿದರು. ಕಂಬ ನಿಂತಿದ್ದ ಹಳೆಯ ಧಕ್ಕೆ ಮಾರುಕಟ್ಟೆಯ ಹೊಟ್ಟೆಯೊಳಗೆ ಸೇರಿಹೋಯಿತು. ಕಂಬಕ್ಕೆ ಒಬ್ಬ ತರಕಾರಿಯವನು ತಕ್ಕಡಿ ನೇತುಹಾಕಿದ. ದೊಡ್ಡ ಹಡಗುಗಳಿಗೆಂದು ಉತ್ತರಕ್ಕೆ ಹೊಸ ಬಂದರು ತೆರೆದರು. ಆಗ ಕಚೇರಿಗೆ ಹೋಗಿ, ಇನ್ನು ಗೋಡೆ ಬೇಕೇ ಎಂದು ವಿಚಾರಿಸಿದೆ. ಮುಂದಿನ ಆಜ್ಞೆಯವರೆಗೆ ಈಗಿರುವಂತೆಯೇ ನಡೆಸಿಕೊಂಡು ಹೋಗಿ ಎಂದರು. ಹಳೆಯ ನೀರಿನಲ್ಲಿ ಮೀನುಗಾರರ ದೋಣಿಗಳು ಉಳಿದಿದ್ದವಲ್ಲ, ಅವರು ನಮ್ಮ ಗೋಡೆಗೂ ಕಡಲಿನ ನಡುವಿನ ಒಂಟಿ ಬಂಡೆಗೂ ಗೆರೆ ಹೊಂದಿಸಿಕೊಂಡು ದಡ ಸೇರುತ್ತಿದ್ದರು. ಮುಂದಿನ ಆಜ್ಞೆ ಈವರೆಗೂ ಬಂದಿಲ್ಲ. ಆಜ್ಞೆ ಕೊಡಬೇಕಾದವರು ನಿವೃತ್ತರಾಗಿ, ಅವರ ನಂತರದವರೂ ನಿವೃತ್ತರಾಗಿ, ಈಗ ಅಲ್ಲಿರುವ ಯುವಕರಿಗೆ ಗೋಡೆ ಯಾವ ದಿಕ್ಕಿನಲ್ಲಿದೆ ಎಂಬುದೂ ತಿಳಿಯದು. ಆದರೂ ವರ್ಷಕ್ಕೊಮ್ಮೆ ಒಬ್ಬರು ಬಂದು ಸುಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿ ಹೋಗುತ್ತಾರೆ.

ನಮ್ಮ ಬದುಕುಗಳು ಈ ಗೋಡೆಯ ಸುತ್ತ ಹೇಗೆ ಸುತ್ತಿಕೊಂಡವು ಎಂಬುದನ್ನು ದೂರೆಂದು ಭಾವಿಸದೆ ಓದು. ಒಳನಾಡಿನ ಒಂದು ಶಾಲೆಯವರು ನನ್ನನ್ನು ಮುಖ್ಯ ಉಪಾಧ್ಯಾಯನಾಗಿ ಕರೆದಾಗ ನನ್ನ ತಂದೆಯ ಬೆರಳು ನೋಡಿ ಸುಮ್ಮನಾದೆ. ನಿನ್ನ ಅಪ್ಪನಿಗೆ ಯಂತ್ರವೆಂದರೆ ಪ್ರಾಣ. ಬಸ್ ಡಿಪೋದ ಹಿರಿಯ ಮೆಕ್ಯಾನಿಕ್ ಒಬ್ಬರು, ಈ ಹುಡುಗನ ಕಿವಿ ಇಂಜಿನ್ನಿನ ನಾಡಿ ಹಿಡಿಯುತ್ತದೆ, ಇವನನ್ನು ನನ್ನ ಜೊತೆ ಕಳುಹಿಸಿ ಎಂದು ಮನೆಗೇ ಬಂದು ಕೇಳಿದ್ದರು. ಆದರೆ ಆ ಕೆಲಸದಲ್ಲಿ ಊರೂರಿಗೆ ವರ್ಗವಾಗುತ್ತಿತ್ತು. ಅವನು ಈ ಬೀದಿಯಲ್ಲೇ ಸೈಕಲ್ಲು, ಸ್ಟೌ, ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು ಉಳಿದ. ಎಂದೂ ಗೊಣಗಲಿಲ್ಲ. ದೂರದಲ್ಲಿ ಬಸ್ಸು ಗೇರು ಬದಲಿಸಿದ ಸದ್ದಾದಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದುದನ್ನು ನೀನೂ ಕಂಡಿದ್ದೀಯ. ನಿನ್ನ ಅಮ್ಮ ಹಗಲಿನಲ್ಲೂ ದೀಪ ಹಚ್ಚಿಕೊಂಡೇ ಸೂಜಿಗೆ ದಾರ ಪೋಣಿಸುತ್ತಾಳೆ. ಇಷ್ಟಾದರೂ ನಮಗೆ ಒಂದು ಸಮಾಧಾನವಿತ್ತು: ನಾಲ್ಕು ದೋಣಿಗಳು ನಮ್ಮನ್ನು ನೋಡಿಕೊಂಡು ಮನೆ ಸೇರುತ್ತಿವೆ, ನಾವು ಕದಲಿದರೆ ಅವರ ಮಕ್ಕಳು ಕಾಯುತ್ತಾ ಉಳಿಯುತ್ತಾರೆ ಎಂಬುದು. ಸೆರೆಯಲ್ಲಿದ್ದವನಿಗೆ ತಾನು ಕಾವಲುಗಾರನೆಂಬ ಭಾವನೆ ಬಂದರೆ ಸೆರೆ ಅಷ್ಟಾಗಿ ನೋಯುವುದಿಲ್ಲ ಮಗಳೇ.

ನಿನಗಾಗ ಮೂರು ವರ್ಷ. ನಮ್ಮ ಗೋಡೆಯ ಎದುರಿಗೆ ಇಳಿಜಾರಿನಲ್ಲಿ ಆ ಹದಿನಾಲ್ಕು ಮಹಡಿಯ ಕಟ್ಟಡ ಎದ್ದಿತು. ಕಡಲು ಕಾಣುವ ಮನೆಗಳು ಎಂದು ಅದರ ನೆತ್ತಿಯ ಮೇಲೆ ಬೋರ್ಡು ಹಾಕಿದ್ದರು. ಇಡೀ ಬೀದಿಯ ಪಾಲಿನ ಕಡಲನ್ನು ಅವರೊಬ್ಬರೇ ಕೊಂಡುಕೊಂಡಂತಿತ್ತು. ಅಲೆಯ ಸದ್ದು ನಿಂತಿತು. ಕಟ್ಟಡದ ಪಕ್ಕದಲ್ಲಿ ಒಂದು ಕಿರಿದಾದ ಸಂದು ಉಳಿದಿತ್ತು. ಆ ಸಂದಿನಲ್ಲಿ ದೋಣಿಯವರಿಗೆ ಗೋಡೆ ಓರೆಯಾಗಿಯಾದರೂ ಕಾಣುತ್ತದೆಯೇ ಎಂದು ಬಂದರು ಕಚೇರಿಯ ಅಧಿಕಾರಿ ತನಿಖೆಗೆ ಬಂದರು. ಮೀನುಗಾರರ ಪರವಾಗಿ ಉಪ್ಪಣ್ಣನನ್ನು ಕರೆಸಿ ನಮ್ಮ ಅಂಗಳದಲ್ಲೇ ಕೇಳಿದರು. ಉಪ್ಪಣ್ಣ ನಿನಗೆ ಗೊತ್ತೇ ಇದ್ದಾನೆ. ಎಲ್ಲ ದೋಣಿಗಳಿಗೂ ಯಜಮಾನ, ಮೈಯೆಲ್ಲ ಉಪ್ಪು ಕಟ್ಟಿಕೊಂಡು ಬರುವವನು. ಅವನು ಒಮ್ಮೆ ನಮ್ಮ ಬಾಗಿಲ ಕಡೆ ನೋಡಿ, ‘ಕಾಣುತ್ತೆ ಸಾಮಿ, ಕಾಣ್ದೆ ಏನು’ ಎಂದ. ಅಧಿಕಾರಿ ಹೊರಟುಹೋದರು. ನಮಗೂ ಜೀವ ಬಂದಂತಾಯಿತು. ಅಂದಿನಿಂದ ಪ್ರತಿವರ್ಷ ಸುಣ್ಣದ ದಿನ ಉಪ್ಪಣ್ಣನ ಮನೆಯ ಗಂಡಸರು ದೋಣಿ ಇಳಿಸದೆ ಬಂದು ಸಾರುವೆ ಕಟ್ಟಿಕೊಟ್ಟು, ಸುಣ್ಣ ಬಳಿಯಲೂ ಕೈಜೋಡಿಸುತ್ತಿದ್ದರು. ನಮ್ಮ ಗೋಡೆಯ ಮೇಲೆ ಅವರಿಗೆ ಎಷ್ಟು ಭರವಸೆ ನೋಡು ಎಂದು ನಾನು ನಿನ್ನ ಅಪ್ಪನಿಗೆ ಹೇಳುತ್ತಿದ್ದೆ.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ಉಪ್ಪಣ್ಣ ನಿನ್ನ ಅಪ್ಪನನ್ನು ನೋಡಲು ಬಂದಿದ್ದ. ಅವನಿಗೂ ವಯಸ್ಸಾಗಿದೆ; ಮೆಟ್ಟಿಲು ಹತ್ತಿ ಬಂದವನು ಮಂಚದ ಪಕ್ಕ ಕುಳಿತ. ಉಳಿದ ಅರ್ಧ ಗೋಡೆಯನ್ನು ತನ್ನವರು ಮುಗಿಸಿಕೊಡುತ್ತಾರೆ ಎಂದ. ಅವನಿಗೆ ಧೈರ್ಯ ಹೇಳುವ ಉದ್ದೇಶದಿಂದ ನಾನು ನಿನ್ನ ಪತ್ರದ ವಿಚಾರ ತಿಳಿಸಿದೆ. ಮೊಮ್ಮಗಳು ಹಡಗಿನ ಕೆಲಸ ಬಿಟ್ಟು ಬರುತ್ತಿದ್ದಾಳೆ, ಇನ್ನು ಮುಂದೆ ಅವಳೇ ಗೋಡೆ ನೋಡಿಕೊಳ್ಳುತ್ತಾಳೆ, ನಿಮ್ಮ ದೋಣಿಗಳಿಗೆ ಗುರುತು ತಪ್ಪದು ಎಂದೆ. ಅವನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

‘ಮೇಷ್ಟ್ರೇ, ಆ ಮಗುನ ಕರೆಸ್ಬೇಡಿ’ ಎಂದ. ಏಕೆ ಎಂದು ನಾನು ಕೇಳುವ ಮೊದಲೇ, ನೆಲ ನೋಡುತ್ತಾ ಮುಂದುವರಿಸಿದ: ‘ಗೋಡೆ ಕಾಣೋದು ನಿಂತು ಎಷ್ಟೋ ಕಾಲ ಆಯ್ತು. ಆ ದೊಡ್ಡ ಬಿಲ್ಡಿಂಗ್ ಎದ್ದ ವರ್ಷದಿಂದಾನೇ ಇಲ್ಲ.’

ಹಾಗಾದರೆ ಅಂದು ಕಾಣುತ್ತದೆ ಎಂದದ್ದೇಕೆ ಎಂದು ಮಂಚದ ಮೇಲಿನಿಂದ ನಿನ್ನ ಅಪ್ಪನೇ ಕೇಳಿದ.

‘ಕಾಣಲ್ಲ ಅಂದಿದ್ರೆ ಅವತ್ತೇ ನಿಮ್ಮನ್ನ ಬೀದಿಗೆ ಹಾಕ್ತಿದ್ರು ಕಣಪ್ಪ. ಅಮ್ಮಾವ್ರು ಮಗು ಎತ್ಕೊಂಡು ಬಾಗಿಲಲ್ಲಿ ನಿಂತಿದ್ರು. ನನ್ನದೊಂದು ಮಾತಲ್ಲಿ ಒಂದು ಮನೆ ಉಳಿಯೋದಾದ್ರೆ ಉಳೀಲಿ ಅಂದ್ಕೊಂಡೆ. ಆಮೇಲೆ ಆ ಮಾತು ವಾಪಸ್ ತಗೊಳ್ಳೋದು ಹೇಗೆ?’

ನಾವು ಇಲ್ಲಿ ಉಳಿದದ್ದೇ ನಿಮಗೋಸ್ಕರ ಎಂದು ನಾನು ಹೇಳಿದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ನಿನಗೆ ವರ್ಣಿಸಲಾರೆ. ಅವರ ಮನೆಯ ಹುಡುಗರು ವರ್ಷವೂ ಜಗಳವಾಡುತ್ತಿದ್ದರಂತೆ, ಒಂದು ದಿನದ ಮೀನು ಬಿಟ್ಟು ಕಾಣದ ಗೋಡೆಗೆ ಯಾಕೆ ಸುಣ್ಣ ಬಳಿಯಬೇಕೆಂದು. ಮೇಷ್ಟ್ರ ಸಂಸಾರಕ್ಕೆ ಬೇರೆ ನೆಲೆಯಿಲ್ಲ, ನಾವೂ ಕೈಬಿಟ್ಟರೆ ಹೇಗೆ ಎಂದು ಇವನು ಅವರ ಬಾಯಿ ಮುಚ್ಚಿಸುತ್ತಿದ್ದನಂತೆ. ಈಗ ಅವರ ದೋಣಿಗಳು ಯಾವುದನ್ನು ನೋಡಿ ದಡ ಸೇರುತ್ತವೆ ಬಲ್ಲೆಯಾ? ಆ ಹದಿನಾಲ್ಕು ಮಹಡಿಯ ನೆತ್ತಿಯ ಮೇಲೆ ಉರಿಯುವ ಕೆಂಪು ದೀಪವನ್ನು. ಹಗ್ಗದ ಎರಡು ತುದಿಗಳನ್ನು ಇಬ್ಬರು ಹಿಡಿದು, ತಾನು ಬಿಟ್ಟರೆ ಆಚೆಯವನು ಬಿದ್ದಾನು ಎಂಬ ಕರುಣೆಯಿಂದ ಇಬ್ಬರೂ ಅಂಗೈ ಸುಲಿಸಿಕೊಂಡು ನಿಂತಂತಾಯಿತು ನಮ್ಮ ಕಥೆ. ಒಳಗಿನಿಂದ ನಿನ್ನ ಅಜ್ಜಿ ನಕ್ಕ ಸದ್ದು ಕೇಳಿಸಿತು. ‘ಸರಿಹೋಯ್ತು. ನೀವು ನಮಗೋಸ್ಕರ ಬಳಿದ್ರಿ, ನಾವು ನಿಮಗೋಸ್ಕರ ಬಳಿದ್ವಿ. ಪಾಪ, ಗೋಡೆ ಯಾರಿಗೋಸ್ಕರ ಬೆಳ್ಳಗಾಯ್ತೋ’ ಎಂದಳು. ಉಪ್ಪಣ್ಣನೂ ನಗಲು ಹೋಗಿ ಕಣ್ಣೊರೆಸಿಕೊಂಡ.

ಅವನು ಹೋದ ಮೇಲೆ ನಿನ್ನ ಅಮ್ಮ ಮತ್ತೆ ಯಂತ್ರದ ಮುಂದೆ ಕುಳಿತಳು. ನಾನು ಗೋಡೆಗೆ ಅಂಗೈಯಿಟ್ಟು ಕುಳಿತೆ. ಅದರ ಮೇಲೆ ಸುಣ್ಣ ಪದರ ಪದರವಾಗಿ ಬೆಳೆದು ಒಳಗಿನ ಕಲ್ಲಿಗಿಂತ ದಪ್ಪವಾಗಿದೆಯೇನೋ ಎನಿಸಿತು. ಒಂದು ಹಳೆಯ ಭಯವೂ ಜೊತೆಯಲ್ಲೇ ಇತ್ತು: ಇದನ್ನು ಬಿಟ್ಟರೆ ಎಲ್ಲಿಗೆ? ಬೆಳೆದ ಈ ಊರಿನಲ್ಲಿ ನಮಗೆ ಗೊತ್ತಿರುವುದು ಈ ಮೂರು ಕೋಣೆಗಳೇ. ನಿನ್ನ ಅಪ್ಪ ಮಂಚದಲ್ಲಿ, ನಾನು ಮುಪ್ಪಿನಲ್ಲಿ. ನಿನ್ನ ಅಮ್ಮನ ಕಾಲಿನ ಬಲದಿಂದ ಯಂತ್ರ ತಿರುಗಿ ಮನೆ ನಡೆಯುತ್ತಿದೆ. ನೀನು ಬಂದರೆ ಎಲ್ಲವೂ ಇದ್ದಂತೆಯೇ ಇರುತ್ತದೆ ಎಂಬ ಆಸೆ ಒಂದು ಕ್ಷಣ ನನ್ನನ್ನೂ ಮುಟ್ಟಿತು. ಅದನ್ನು ನಿನ್ನಿಂದ ಮುಚ್ಚಿಡಲಾರೆ. ಆದರೆ ಇದ್ದಂತೆಯೇ ಇರುವುದು ಎಂದರೆ ಏನೆಂದು ನಾನು ಬಲ್ಲೆ. ನಾನು ಪಾಠ ಹೇಳಿದ ಮಕ್ಕಳು ಈ ಊರನ್ನು ಕಟ್ಟಿದರು, ಬಸ್ಸು ಓಡಿಸಿದರು, ಕ್ರೇನು ನಡೆಸಿದರು. ಕೆಲವರು ಕಡಲಾಚೆ ಹೋದರು. ಯಾರನ್ನೂ ನಾನು ‘ಇಲ್ಲೇ ಇರು’ ಎಂದು ತಡೆದವನಲ್ಲ. ಮನೆಯ ಮಗಳಿಗೆ ಮಾತ್ರ ಬೇರೆ ಪಾಠ ಹೇಳಿದರೆ ನಾನು ಎಂಥ ಮೇಷ್ಟ್ರು? ಕಲಿಯುವವರಿಗೆ ಹಿರಿಯರು ಕೊಡಬಹುದಾದ ದೊಡ್ಡ ಕೊಡುಗೆ ಅವರ ದಾರಿಗೆ ಅಡ್ಡ ನಿಲ್ಲದಿರುವುದು ಎಂದು ನಾನು ನಂಬಿದ್ದೇನೆ.

ಆದರೂ ಇದು ಆತುರದಲ್ಲಿ ಆಗುವ ಕೆಲಸವಲ್ಲ. ಮುಂದಿನ ವಾರ ಬಂದರು ಕಚೇರಿಗೆ ಹೋಗಿ, ಅಧಿಕಾರಿಗಳ ಮುಂದೆ ಎಲ್ಲವನ್ನೂ ಕ್ರಮವಾಗಿ ಇಟ್ಟು, ಅವರ ಅಭಿಪ್ರಾಯ ಕೇಳಬೇಕೆಂದಿದ್ದೇನೆ. ನಮ್ಮನ್ನು ಇನ್ನು ಕೆಲವು ಕಾಲ ಇರಗೊಟ್ಟರೂ ಇರಗೊಡಬಹುದು. ಉತ್ತರ ಬರುವವರೆಗೆ ನೀನೂ ಯಾವ ತೀರ್ಮಾನಕ್ಕೂ ಬರಬೇಡ; ರಾಜೀನಾಮೆ ಕೊಡುವುದನ್ನು ಮುಂದಕ್ಕೆ ಹಾಕು. ಮನಸ್ಸನ್ನು ಪಾಠದ ಮೇಲಿಡು. ನಿನ್ನ ಜೊತೆಯ ಹುಡುಗಿಗೆ ಮನೆಯ ನೆನಪು ಕಾಡುತ್ತದೆ ಎಂದು ಬರೆದಿದ್ದೆಯಲ್ಲ, ಅವಳನ್ನು ವಿಚಾರಿಸಿಕೊಳ್ಳುತ್ತಿರು. ಇನ್ನೊಬ್ಬರ ಕಣ್ಣೊರೆಸುವವರಿಗೆ ತಮ್ಮ ಕಣ್ಣೀರು ಭಾರವಾಗುವುದಿಲ್ಲ.

ಅಪ್ಪ, ಅಮ್ಮ ಇಬ್ಬರೂ ನಿನ್ನನ್ನು ಕೇಳಿದ್ದಾರೆಂದು ತಿಳಿಸಲು ಹೇಳಿದ್ದಾರೆ. ನಿನ್ನ ಹಡಗಿನ ಹಿರಿಯರಿಗೆ ನನ್ನ ನಮಸ್ಕಾರ, ಕಿರಿಯರಿಗೆ ನನ್ನ ಹರಕೆ. ನೀನು ಅಳೆಯುವ ನೀರು ಎಷ್ಟೇ ಆಳವಾಗಿರಲಿ, ನಿನ್ನ ಧೈರ್ಯಕ್ಕೆ ತಳ ಕಾಣದಿರಲಿ.

ನಿನ್ನ ಏಳಿಗೆಯನ್ನೇ ಕಾಯುತ್ತಿರುವ,
ಅಜ್ಜ

ಮರೆತ ಮಾತು: ಮರೆತದ್ದಲ್ಲ, ಈಗ ತಾನೇ ನಡೆದದ್ದು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಸಹಿ ಮಾಡಿದ ಮೇಲೆ ಪತ್ರವನ್ನು ನಿನ್ನ ಅಜ್ಜಿಗೆ ಓದಿ ಹೇಳಿದೆ. ಅಧಿಕಾರಿಗಳ ಅಭಿಪ್ರಾಯ ಎಂಬಲ್ಲಿಗೆ ಬಂದಾಗ ಅವಳು, ‘ಅವರು ಹೂಂ ಅನ್ನೋ ಹೊತ್ತಿಗೆ ಇಲ್ಲಿ ಇನ್ನೊಂದು ಊರು ಬೆಳೆದಿರುತ್ತೆ. ಅಷ್ಟರಲ್ಲಿ ಹುಡುಗಿ ಪೆಟ್ಟಿಗೆ ಹೊತ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ’ ಎಂದವಳೇ ನಿನ್ನ ಅಪ್ಪನ ದೊಡ್ಡ ಸುತ್ತಿಗೆ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಮೊದಲ ಏಟು ಅವಳದು. ನಿನ್ನ ಅಪ್ಪ ಮಲಗಿದಲ್ಲಿಂದಲೇ, ‘ಅಲ್ಲಲ್ಲ ಅಮ್ಮ, ಕಲ್ಲಿಗಲ್ಲ, ಸಂದಿಗೆ ಹೊಡಿ’ ಎಂದು ಕೂಗಿದ. ನಿನ್ನ ಅಮ್ಮ ಹಾರೆ ತಂದಳು. ಕೊನೆಗೆ ನಾನೂ ಹೊಡೆದೆ ಮಗಳೇ, ಕೈಲಾದಷ್ಟು ಹೊಡೆದೆ. ಒಂದು ಕಲ್ಲು ಆಚೆಗೆ ಬಿತ್ತು, ಬೆಳಕು ಈಚೆಗೆ ಬಿತ್ತು. ಕಡಲು ಕಾಣಲಿಲ್ಲ. ಎದುರು ಕಟ್ಟಡದ ಬೆನ್ನು, ಅದರಲ್ಲೊಂದು ಅಡುಗೆಮನೆಯ ಕಿಟಕಿ; ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು ಬೆಚ್ಚಿ ನೋಡಿ, ‘ಅಯ್ಯೋ, ಇಲ್ಲಿ ಜನ ಇದೀರಾ? ಗೋಡೌನ್ ಅಂದ್ಕೊಂಡಿದ್ದೆ’ ಎಂದಳು. ‘ಇದೀವಿ ಕಣಮ್ಮ, ಆದರೆ ಖಾಲಿ ಮಾಡ್ತಿದೀವಿ’ ಎಂದಳು ನಿನ್ನ ಅಜ್ಜಿ. ಡಿಪೋದ ಹಿಂದಿನ ಬೀದಿಯಲ್ಲಿ ಎರಡು ಕೋಣೆ ಬಾಡಿಗೆಗಿವೆಯಂತೆ. ನಿನ್ನ ಅಮ್ಮ ಈಗಲೇ ಕೇಳಿಬರಲು ಹೊರಟಿದ್ದಾಳೆ, ಈ ಪತ್ರವನ್ನೂ ಅವಳೇ ಅಂಚೆಗೆ ಹಾಕುತ್ತಾಳೆ. ಕಚೇರಿಯವರು ಏನು ಮಾಡುತ್ತಾರೋ, ಆ ಬಾಡಿಗೆ ನಮ್ಮಿಂದ ಆಗುತ್ತದೋ ಇಲ್ಲವೋ, ಒಂದೂ ತಿಳಿಯದು. ಒಂದು ಮಾತ್ರ ತಿಳಿದಿದೆ: ನೀನು ಬಂದರೂ ಇಲ್ಲಿ ಇನ್ನು ಉಳಿಸಿಕೊಳ್ಳಲು ಮನೆಯಿಲ್ಲ. ರಜೆ ಸಿಕ್ಕಾಗ ಬಾ. ಕೆಲಸ ಬಿಟ್ಟು ಬರಬೇಡ.